ಹೆಬ್ಬೆರಳಿನ ಪರೀಕ್ಷೆ

ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಪ್ರವಾಸದ ಮನೆಗಾಡಿಗಳನ್ನು ಕಟ್ಟಿದ ಬಡಗಿ, ಈಗ ಹಳೆಯ ಗಾಡಿ ಕೊಳ್ಳುವವರಿಗೆ ಅದರ ಗಟ್ಟಿತನ ನೋಡಿ ಹೇಳುತ್ತಾನೆ. ಹೊಳೆಯುವ ಒಲೆ, ಮೆತ್ತನೆಯ ಹಾಸಿಗೆಯ ಕಡೆ ತಿರುಗಿಯೂ ನೋಡುವುದಿಲ್ಲ. ಮಂಡಿಯೂರಿ ಕುಳಿತು, ಕಿಟಕಿಗಳ ಕೆಳಗಿನ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ನೀರು ಇಳಿದಿದ್ದರೆ ಹಲಗೆ ಅಲ್ಲೇ ಮೆತ್ತಗಾಗಿರುತ್ತದೆ.

ಒಂದು ದಿನ ಹಳೆಯ ಗಾಡಿಯೊಂದನ್ನು ನೋಡಲು ಅವನನ್ನು ಕರೆತಂದವಳು ಸ್ವಂತ ತಂಗಿ. ಗಂಡನ ಜೊತೆ ಊರೂರು ಸುತ್ತಲು ಕೂಡಿಟ್ಟಿದ್ದನ್ನೆಲ್ಲ ಅವಳು ಈ ಗಾಡಿಗೇ ಸುರಿಯುವವಳಿದ್ದಳು.

ಹಿಂಬದಿಯ ಕಿಟಕಿಯ ಕೆಳಗೆ ಹೆಬ್ಬೆರಳು ಒಳಗೆ ಹೋಯಿತು. ಪಕ್ಕದ ಕಪಾಟು ತೆರೆದರೆ, ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಅವನದೇ ಗುರುತು. ಗಾಡಿಗಳನ್ನು ಬೇಗ ಬೇಗ ಮುಗಿಸಬೇಕೆಂದು, ನೀರು ತಡೆಯುವ ಅಂಟನ್ನು ಕಿಟಕಿಗೆ ಅರ್ಧ ಸುತ್ತು ಮಾತ್ರ ಬಳಿಯುತ್ತಿದ್ದ ದಿನಗಳವು.

"ಏನಣ್ಣ, ಬಾಯಿಗೆ ಬೀಗ ಹಾಕ್ಕೊಂಡೆ? ಯಾವ ಪುಣ್ಯಾತ್ಮ ಮಾಡಿದ್ದಾನೆ ಇದನ್ನ?" ಎಂದು ತಂಗಿ ಕೆಣಕಿದಳು.

ಕಾರ್ಖಾನೆಯ ಹೆಸರು ಹೇಳಿ ಜಾರಿಕೊಳ್ಳಬಹುದಿತ್ತು.

"ಇದು ಬೇಡ ಕಣೇ. ಮೂಲೆ ಕೊಳೆತಿದೆ," ಎಂದ. "ಮಾಡಿದ್ದು ನಾನೇ."

ತಂಗಿ ಬಗ್ಗಿ ಆ ಮೂಲೆಯನ್ನು ತಾನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಆ ಕಡೆ ಇನ್ನೊಂದಿದೆಯಲ್ಲ, ಅದನ್ನೂ ನೀನೇ ಕಟ್ಟಿಲ್ಲ ತಾನೆ?"

"ಗೊತ್ತಿಲ್ಲ," ಎನ್ನುತ್ತ ಆತ ಮಂಡಿ ಒರೆಸಿಕೊಂಡು ಎದ್ದ. "ನೋಡಿ ಹೇಳ್ತೀನಿ."