ಮುಳುಗದ ಗಿಟಾರು

ನಾಗರಾಜು, ನನ್ನ ಮಗನ ಗಿಟಾರನ್ನು ನೀನು ಕದಿಯಲಿಲ್ಲ. ನಾನೇ ಅದನ್ನು ಹೊಳೆಗೆ ಬಿಟ್ಟೆ. ನೀನು ಕಳ್ಳ ಅನ್ನಿಸಿಕೊಂಡೆ, ನಾನು ಇಷ್ಟು ವರ್ಷ ಉಂಡುಕೊಂಡು ಮಲಗಿದೆ.

ನಾಲ್ಕನೇ ಕ್ಲಾಸಿಗೆ ನಿಂತ ಕೈ ಇದು, ಅಕ್ಷರ ಓರೆಯಾದಾವು. ಆದರೂ ನಾನೇ ಬರೆಯಬೇಕು.

ನಮ್ಮ ಮಹೇಶನ ಹುಚ್ಚು ನಿನಗೆ ಗೊತ್ತಲ್ಲ. ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ದುಡಿದದ್ದೆಲ್ಲ ಗಿಟಾರಿಗೇ. ಅದೂ ಸ್ಪೇನ್ ದೇಶದ ಫ್ಲಮೆಂಕೊ ಗಿಟಾರೇ ಆಗಬೇಕು, ಯಾರೋ ಒಬ್ಬ ಕೂತು ಕೈಯಲ್ಲೇ ಕೆತ್ತಿ ಮಾಡಿದ್ದಾಗಬೇಕು. ನರಸೀಪುರದ ನಮ್ಮ ಮನೆಯ ಗೋಡೆ ತುಂಬ ನೇತುಹಾಕಿದ್ದ. ಕೊನೆಯದು ಬಂದ ದಿನ ಅದನ್ನು ನನ್ನ ಮೂಗಿಗೇ ಹಿಡಿದ.

"ಮೂಸಿ ನೋಡವ್ವ, ಎಂಥಾ ಗಮಲು! ಸೈಪ್ರೆಸ್ ಮರ. ಆ ದೇಸದಲ್ಲಿ ಇದ್ನ ಸಮಾಧಿಗಳ ತಾವ ನೆಡ್ತಾರಂತೆ."

ಅವನು ನಕ್ಕ. ನಾನು ಅದನ್ನು ಮೂಗಿನಿಂದ ದೂರ ತಳ್ಳಿದೆ. ಆಗ ಸೊಸೆ ಚೊಚ್ಚಲ ಬಸುರಿ.

ಆ ಗಿಟಾರು ಕಾಣೆಯಾದ ದಿನ ಮಹೇಶ ಮೈಸೂರಿಗೆ ಹೋಗಿದ್ದ. ನೀನು ಬಂದು ಗಿಟಾರುಗಳಿಗೆ ಹೊಸ ತಂತಿ ಕಟ್ಟಿ ಹೋದೆ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ ನಾನು. ಆಮೇಲೆ ಸೋಬಾನೆ ಗುನುಗಿಕೊಂಡು ಆ ಕೋಣೆ ಗುಡಿಸಲು ಹೋದೆ — ಗೋಡೆಯಿಂದ ಯಾರೋ ನನ್ನ ಜೊತೆ ಗುನುಗಿದರು. ನಿಲ್ಲಿಸಿದೆ. ಅದು ಒಂದು ಉಸಿರು ತಡವಾಗಿ ನಿಂತಿತು. "ಯಾರು?" ಅಂದೆ. ಆ ಹೊಸ ಗಿಟಾರು — ಮುಟ್ಟಿದವರಿಲ್ಲ, ಗಾಳಿಯಿಲ್ಲ — ನನ್ನ ದನಿಯಲ್ಲೇ ಓಗೊಟ್ಟಿತು.

ಸಮಾಧಿಯ ಮರ. ಬಸುರಿ ಇರುವ ಮನೆ. ಇನ್ನೇನು ಯೋಚಿಸಲಿ? ಹಳೇ ಸೀರೆಯಲ್ಲಿ ಸುತ್ತಿ, ನಡುಮಧ್ಯಾಹ್ನ, ಹಿತ್ತಲ ದಾರಿಯಿಂದ ಸಂಗಮಕ್ಕೆ ಒಯ್ದು, ಸೀರೆ ಬಿಚ್ಚಿ ನೀರಿಗೆ ಬಿಟ್ಟೆ. ಅದು ಮುಳುಗಲಿಲ್ಲ ನಾಗರಾಜು. ಅಂಗಾತ ತೇಲಿತು. "ಹೋಗು ತಾಯಿ" ಅಂದೆ — ನೀರಿನ ಮೇಲಿಂದಲೂ ಗುಂಯ್ ಅಂದಿತು. ಸುಳಿಯಲ್ಲಿ ಒಂದು ಸುತ್ತು ತಿರುಗಿ ನನ್ನ ಕಾಲ ಹತ್ತಿರಕ್ಕೇ ಬಂತು. ಕೋಲಿನಿಂದ ನೂಕಿದೆ.

ಆ ಬಸುರೂ ನಿಲ್ಲಲಿಲ್ಲ.

ಇದೆಲ್ಲ ಭಯ ಅಂದುಕೋ. ಆದರೆ ಮಾರನೆಯ ದಿನ ಮಹೇಶ ನಿನ್ನ ಕೊರಳಪಟ್ಟಿ ಹಿಡಿದಾಗ ನಾನು ಆಡಿದ್ದು ಭಯವಲ್ಲ, ಸುಳ್ಳು. ಅವನು ಅಂದ:

"ಕೋಣೆಗೆ ಓಗಿದ್ದೋನು ನೀನೊಬ್ನೇಯ. ಇನ್ಯಾರ್ಲಾ ತಕ್ಕಂಡಿರದು?"

ನೀನು ನನ್ನ ಕಡೆ ತಿರುಗಿದೆ. "ಅವ್ವಾ, ಬಾಗ್ಲಲ್ಲೇ ಕುಂತಿದ್ರಲ್ಲ. ನೀವೇ ಯೋಳಿ, ನಾನು ಬರಿಗೈಲಿ ಓಗ್ಲಿಲ್ವಾ?"

"ನಾನು ನೋಡ್ಲಿಲ್ಲ ಕಣಪ್ಪ" ಅಂದೆ.

ನೋಡಿದ್ದೆ. ನೀನು ಬಗ್ಗಿ ಎರಡು ಅವರೆಕಾಳು ಬಾಯಿಗೆ ಹಾಕಿಕೊಂಡು, ಕೈ ಬೀಸಿಕೊಂಡು ಹೋದದ್ದನ್ನು ನೋಡಿದ್ದೆ. ಅವತ್ತಿನಿಂದ ನೀನು ಯಾರ ಗಿಟಾರಿಗೂ ತಂತಿ ಕಟ್ಟಲಿಲ್ಲವಂತೆ —

ಈಗ ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಹೆಬ್ಬೆಟ್ಟು ಹುರುಳಿಕಾಳಿನಷ್ಟಿದೆ. ಅವಳ ಸುದ್ದಿ ಹೇಳದೆ ನಾನು ಸೊಪ್ಪಿನವಳ ಹತ್ತಿರ ಸೊಪ್ಪೂ ಕೊಳ್ಳುವುದಿಲ್ಲ. ನಾಲಿಗೆ ನಿಲ್ಲುವುದೇ ಇಲ್ಲ. ಮನೆಗೆ ತಂದ ದಿನ ಅವಳು ಕಿಟಾರೆಂದು ಅತ್ತಳು. ಗೋಡೆಯ ಗಿಟಾರುಗಳೆಲ್ಲ ಒಟ್ಟಿಗೇ ಗುಂಯ್ ಅಂದವು. ನಾನು ಮಗುವನ್ನು ಸೆರಗಿನಲ್ಲಿ ಮುಚ್ಚಿದೆ. ಮಹೇಶ ನಕ್ಕ.

"ಎದ್ರುಕೋಬ್ಯಾಡ ಕಣವ್ವ. ದನಿಗೆ ದನಿ ಕೊಡ್ತವೆ ಅಷ್ಟೇಯ. ಒಳ್ಳೆ ಮರ ಅಂದ್ರೆ ಅಂಗೇ. ಕಳ್ದೋದದ್ದು ಇತ್ತಲ್ಲ, ಅದಂತೂ ಉಸ್ರಿಗೂ ಓಗೊಡ್ತಿತ್ತು."

ಅಂದರೆ ಅವತ್ತು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನೊಬ್ಬಳೇ ಇದ್ದೆ.

ಆಮೇಲೆ ಆ ಕೋಣೆಯಲ್ಲಿ ಜೋಗುಳ ಹಾಡಲಾಗಲಿಲ್ಲ. ಬಾಯಿ ತೆರೆದರೆ ಅವು ನನ್ನ ದನಿಯನ್ನು ನನಗೇ ಕೊಡುತ್ತವೆ. ಇವತ್ತು ಬೆಳಿಗ್ಗೆ ಗೋಡೆಯ ಮುಂದೆ ನಿಂತು ಹೇಳಿಯೇಬಿಟ್ಟೆ: "ನಾಗರಾಜು ಬರಿಗೈಲಿ ಹೋದ. ನಾನು ನೋಡಿದ್ದೆ. ಹೊಳೆಗೆ ಬಿಟ್ಟವಳು ನಾನು." ತಂತಿಗಳೆಲ್ಲ ನಡುಗಿದವು, ನಿಂತವು. ತಿರುಗಿದರೆ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡ ಮಹೇಶ. ಆ ಗಿಟಾರು ತೂಗುತ್ತಿದ್ದ ಖಾಲಿ ಮೊಳೆಯನ್ನೇ ನೋಡುತ್ತ ನಿಂತ.

ನಾಳೆ ನಾನು ನಿಮ್ಮೂರು ಹದಿನಾರಿಗೆ ಬರುತ್ತೇನೆ. ಮಗ ಕಳ್ಳ ಅನ್ನುವುದನ್ನು ಇಷ್ಟು ವರ್ಷ ಕೇಳಿಸಿಕೊಂಡ ನಿಮ್ಮವ್ವನ ಮುಂದೆ ಅದೇ ಮಾತು ಹೇಳಬೇಕು. ನೀನು ಬಾಗಿಲು ತೆರೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ — ಊರಿಗೆಲ್ಲ ಕೇಳುವ ಹಾಗೆ.