ವೈಫೈ ಮೆಟ್ಟಿಲಿನಿಂದ ಕಂಡ ನಾರ್ವೆ

ಗುಂಡ್ಲುಪೇಟೆಯಲ್ಲಿ ನನ್ನನ್ನು ಈಗಲೂ ‘ನಾರ್ವೆ ನೋಡ್ಕ ಬಂದೋನು’ ಎಂದೇ ಪರಿಚಯ ಮಾಡಿಸುತ್ತಾರೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ತಲೆಗೂದಲು ಕತ್ತರಿಸಿಕೊಳ್ಳಲು ಕೂತ ಕುರ್ಚಿಯಲ್ಲಿ ಕೂಡ. ‘ಎಂಗದ ಆ ದೇಶ?’ ಎಂದು ಕೇಳುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಇವನಿಗೆ ಕೊಬ್ಬು ಎಂದುಕೊಳ್ಳುತ್ತಾರೆ.

ನಾನು ಆರು ವರ್ಷ ಒಂದು ಪ್ರವಾಸಿ ಹಡಗಿನಲ್ಲಿ ದುಡಿದೆ. ಬೇಸಿಗೆಯ ತಿಂಗಳುಗಳಲ್ಲಿ ಆ ಹಡಗು ನಾರ್ವೆಯ ಕಡೆ ಹೋಗುತ್ತಿತ್ತು. ಅಲ್ಲಿ ಕಡಲು ಬೆಟ್ಟಗಳ ಸಂದಿಯಲ್ಲಿ ನುಗ್ಗಿ ಮೈಲಿಗಟ್ಟಲೆ ನಾಡಿನೊಳಗೆ ಬಂದುಬಿಟ್ಟಿದೆ. ಹಾಗೆ ಬಂದ ನೀರಿನ ಹಾದಿಗೆ ಫಿಯೋರ್ಡ್ ಎನ್ನುತ್ತಾರೆ. ಅಂಥ ಒಂದು ಫಿಯೋರ್ಡಿನ ತುದಿಯಲ್ಲಿ ನಮ್ಮೂರು ಕುದೇರಿಗಿಂತ ಚಿಕ್ಕದಾದ ಊರು, ಅದರ ಮುಂದೆ ಒಂದು ಬಂದರು. ಊರಿನ ಯಾವ ಕಟ್ಟಡಕ್ಕಿಂತಲೂ ನಮ್ಮ ಹಡಗೇ ಎತ್ತರ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಅಲ್ಲಿ ಹೋಗಿ ನಿಲ್ಲುತ್ತಿದ್ದೆವು. ನಿಂತದ್ದೇ ತಡ, ಪ್ರಯಾಣಿಕರು ಇಳಿದು ಚದುರುತ್ತಿದ್ದರು. ಕೆಲವರು ರೋಪ್‌ವೇ ಹತ್ತಿ ಬೆಟ್ಟದ ನೆತ್ತಿಗೆ, ಕೆಲವರು ಬ್ಯಾಟರಿ ಸೈಕಲ್ ಬಾಡಿಗೆಗೆ ಹಿಡಿದು ಜಲಪಾತಕ್ಕೆ, ಇನ್ನು ಕೆಲವರು ಕೆಂಪು ಜಾಕೆಟ್ ತೊಟ್ಟು ಸಣ್ಣ ದೋಣಿಯಲ್ಲಿ ಹುಟ್ಟು ಹಾಕಲಿಕ್ಕೆ. ಎಪ್ಪತ್ತು ವಯಸ್ಸಿನ ಮುದುಕಿಯರೂ ಕೋಲೂರಿಕೊಂಡು ಬೆಟ್ಟ ಹತ್ತುತ್ತಿದ್ದರು. ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಹಡಗಿನ ಕೆಲಸಗಾರರಿಗೂ ಪಾಳಿಯ ನಡುವೆ ಎರಡು ಮೂರು ಗಂಟೆ ಬಿಡುವು ಸಿಗುತ್ತಿತ್ತು. ನಾವೂ ಇಳಿಯುತ್ತಿದ್ದೆವು. ಇಳಿದು, ಹತ್ತು ಹೆಜ್ಜೆಗೆ ಸಿಗುವ ಪ್ರವಾಸಿ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆವು. ಅಲ್ಲಿ ವೈಫೈ ಪುಕ್ಕಟೆ. ಹಡಗಿನಲ್ಲಿ ಅದಕ್ಕೆ ದುಡ್ಡು ತೆರಬೇಕು, ತೆತ್ತರೂ ಮುಖ ಒಂದು ಕಡೆ ಮಾತು ಒಂದು ಕಡೆ. ಹಾಗಾಗಿ ಆ ಮೆಟ್ಟಿಲ ತುಂಬ ಫಿಲಿಪೀನ್ಸಿನವರು, ಇಂಡೊನೇಷ್ಯಾದವರು, ಗೋವಾದವರು, ಮತ್ತು ಚಾಮರಾಜನಗರ ಜಿಲ್ಲೆಯಿಂದ ನಾನೊಬ್ಬ. ಎಲ್ಲರೂ ಬೆಟ್ಟಕ್ಕೆ ಬೆನ್ನು ಹಾಕಿ, ಫೋನಿಗೆ ಮುಖ ಹಾಕಿ, ಅವರವರ ಭಾಷೆಯಲ್ಲಿ ‘ಊಟ ಆಯಿತಾ’ ಎಂದು ಕೂಗುತ್ತಿದ್ದೆವು. ಅಷ್ಟು ಸಲ ಹೋದ ಊರಿನಲ್ಲಿ ನಾನು ಚೆನ್ನಾಗಿ ಬಲ್ಲದ್ದು ಮೂರೇ: ಆ ಮೆಟ್ಟಿಲು, ಪಕ್ಕದ ಕಸದ ಡಬ್ಬಿ, ಎದುರಿನ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ್ದ ಉದ್ದ ಮೂಗಿನ ಮರದ ರಾಕ್ಷಸ.

ನನ್ನಿಂದಾಗಿ ನಾರ್ವೆಯನ್ನು ಚೆನ್ನಾಗಿ ನೋಡಿದವನು ನನ್ನ ಅಪ್ಪ.

ಅಪ್ಪ ಚಾಮರಾಜನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವನು. ಕುದಿಯುವ ನೀರಿನಲ್ಲಿ ಗೂಡು ಹಾಕಿ, ಅದೇ ನೀರಿಗೆ ಬೆರಳು ಅದ್ದಿ ಎಳೆ ಹುಡುಕುವ ಕೆಲಸ. ಕೈಲಾಗದ ಮೇಲೆ ಅಪ್ಪ ಅವ್ವ ಇಬ್ಬರೂ ಗುಂಡ್ಲುಪೇಟೆಯ ಅಣ್ಣನ ಮನೆಗೆ ಬಂದರು. ಅಣ್ಣನದು ಫ್ಲೆಕ್ಸ್ ಅಂಗಡಿ. ನಾನು ಫೋನ್ ಮಾಡುವ ಹೊತ್ತಿಗೆ ಅಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತಿತ್ತು. ಅಪ್ಪ ಅಂಗಡಿಯ ಬಾಗಿಲಲ್ಲಿ ಕೂತು ಅಣ್ಣನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ನನ್ನ ಮುಖ ಕಂಡ ಕೂಡಲೇ ಹೇಳುವ ಮೊದಲ ಮಾತು ಒಂದೇ.

‘ಒಸಿ ಪಕ್ಕಕ್ ಸರಿಲಾ. ಬೆಟ್ಟ ಕಾಣ್ತಿಲ್ಲ.’

ನಾನು ಸರಿಯುತ್ತಿದ್ದೆ. ಫೋನನ್ನು ಬೆನ್ನ ಹಿಂದಕ್ಕೆ ತಿರುಗಿಸಿ ಹಿಡಿಯುತ್ತಿದ್ದೆ. ಅಪ್ಪ ನೀರು ನೋಡುತ್ತಿದ್ದ, ಜಲಪಾತ ನೋಡುತ್ತಿದ್ದ, ತಂತಿಯ ಮೇಲೆ ತೇಲುವ ರೋಪ್‌ವೇ ಡಬ್ಬಿ ನೋಡುತ್ತಿದ್ದ. ವರ್ಷಕ್ಕೊಮ್ಮೆ ಗೋಪಾಲಸ್ವಾಮಿ ಬೆಟ್ಟ ಹತ್ತದಿದ್ದರೆ ಅನ್ನ ಸೇರದ ಮನುಷ್ಯ ಅವನು. ಬೆಟ್ಟ ಎಂದರೆ ಅದರ ತುದಿಯಲ್ಲಿ ಏನೋ ಇರಲೇಬೇಕು ಎಂಬುದು ಅವನ ಲೆಕ್ಕ.

‘ಮಗ, ಆ ಬೆಟ್ಟದ ಮ್ಯಾಲ ಏನದ್ಲಾ?’

ಒಂದು ಸಲ ಚರ್ಚ್ ಇದೆ ಎಂದೆ. ಇನ್ನೊಂದು ಸಲ ಬರೀ ಹಿಮ ಎಂದೆ. ಅಪ್ಪ ಎರಡನ್ನೂ ನಂಬಿದ. ನಾನು ಹತ್ತಿ ನೋಡಿಲ್ಲ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ, ಏಕೆಂದರೆ ಅಲ್ಲಿಂದ ಮಾತು ನನ್ನ ಕೆಲಸದ ಕಡೆ ತಿರುಗುತ್ತಿತ್ತು.

ನನ್ನ ಹುದ್ದೆಯ ಹೆಸರು ‘ಯುಟಿಲಿಟಿ’. ಮನೆಯಲ್ಲಿ ಅಷ್ಟನ್ನೇ ಹೇಳಿದ್ದೆ. ಕೇಳಿದವರು ಅದಕ್ಕೆ ತಮಗೆ ಬೇಕಾದ ಬೆಲೆ ಕಟ್ಟಿಕೊಂಡರು. ನಮ್ಮ ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ದೊಡ್ಡ ದೊಡ್ಡವರೇ ಹೆದರಿ ದೂರ ಉಳಿದ ಕಾಲವಿತ್ತು. ಅಂಥ ಊರಿನ ಕಡೆಯವನೊಬ್ಬ ಹಡಗಿನಲ್ಲಿ ಆಫೀಸರ್ ಆಗಿದ್ದಾನೆ ಎಂದು ಕುದೇರಿನ ಜನ ಹಬ್ಬಿಸಿದರು. ನಾನು ತಿದ್ದಲಿಲ್ಲ. ನಿಜವಾಗಿ ನಾನು ಹಡಗಿನ ಅಡುಗೆಮನೆಯಲ್ಲಿ ಎಂಜಲು ತಟ್ಟೆ ತೊಳೆಯುತ್ತಿದ್ದೆ. ಸಾವಿರಾರು ಜನ ಮೂರು ಹೊತ್ತು ಉಂಡು ಬಿಟ್ಟ ತಟ್ಟೆ. ಯಂತ್ರಕ್ಕೆ ಹಾಕುವ ಮೊದಲು ಉಳಿದದ್ದನ್ನು ಕೈಯಲ್ಲಿ ಕೆರೆದು ತೆಗೆಯಬೇಕು, ಯಂತ್ರದಲ್ಲಿ ಹಿಡಿಸದ ಹಂಡೆಯಂಥ ಪಾತ್ರೆಗಳನ್ನು ಬಿಸಿನೀರು, ಕೈ ಉರಿಸುವ ಸೋಪು ಹಾಕಿ ಉಜ್ಜಬೇಕು.

ಅದರಲ್ಲಿ ನಾಚಿಕೆ ಏನು ಎಂದು ಪೇಟೆಯವರು ಕೇಳಬಹುದು. ನಮ್ಮ ಮನೆಯಲ್ಲಿ ಗಂಡಸು ಉಂಡ ತಟ್ಟೆ ಎತ್ತಿದ್ದನ್ನು ನಾನು ಕಂಡವನಲ್ಲ. ಅಪ್ಪ ಉಂಡು, ತಟ್ಟೆಯಲ್ಲೇ ಕೈ ತೊಳೆದು, ತೇಗುತ್ತ ಏಳುತ್ತಿದ್ದ. ಅವ್ವ ಜ್ವರದಲ್ಲಿ ಮಲಗಿದ್ದ ದಿನ ಆ ತಟ್ಟೆ ಸಂಜೆಯವರೆಗೆ ನೊಣ ಮುತ್ತಿಕೊಂಡು ಅಲ್ಲೇ ಬಿದ್ದಿತ್ತು. ಕೊನೆಗೆ ಪಕ್ಕದ ಮನೆಯ ಹೆಂಗಸು ಬಂದು ಎತ್ತಿದಳು. ಮೂವರು ಗಂಡಸರು ಮನೆಯಲ್ಲೇ ಇದ್ದೆವು. ಆ ಮೂವರಲ್ಲಿ ಒಬ್ಬ ಈಗ ಪರದೇಶದವರ ಎಂಜಲು ಬಳಿಯುತ್ತಿದ್ದಾನೆ ಎಂದು ಯಾವ ಬಾಯಲ್ಲಿ ಹೇಳಲಿ?

ಎರಡನೆಯ ವರ್ಷ ಹಡಗಿನವರು ಒಂದು ಸೌಲಭ್ಯ ಕೊಟ್ಟರು. ಕೆಲಸಗಾರರು ತಮ್ಮ ತಂದೆ ತಾಯಿಯನ್ನು ಕಡಿಮೆ ದರದಲ್ಲಿ ಪ್ರಯಾಣಿಕರಾಗಿ ಕರೆತರಬಹುದು. ಉಬ್ಬಿಹೋಗಿ ಅದೇ ದಿನ ಮೆಟ್ಟಿಲ ಮೇಲಿಂದ ಅಪ್ಪನಿಗೆ ಹೇಳಿಬಿಟ್ಟೆ. ಅವ್ವ ತನಗೆ ನೀರು ಕಂಡರೆ ತಲೆ ಸುತ್ತುತ್ತದೆ, ಬರುವುದಿಲ್ಲ ಎಂದಳು. ಅಪ್ಪ ಮಾತ್ರ ಅಣ್ಣನನ್ನು ಕಾಡಿ ಪಾಸ್‌ಪೋರ್ಟ್ ಮಾಡಿಸಿಕೊಂಡ. ವಿಚಾರಣೆಗೆ ಪೊಲೀಸಿನವರು ಬಂದಾಗ ಬೀದಿಯವರಿಗೆಲ್ಲ ತಾನೇ ಕರೆದು ಕಾರಣ ಹೇಳಿದನಂತೆ. ಸ್ವೆಟರ್ ಕೊಂಡ, ಮಂಕಿ ಟೋಪಿ ಕೊಂಡ. ಬೇಸಿಗೆಯ ಮಧ್ಯಾಹ್ನ ಅದನ್ನು ತಲೆಗೆ ಹಾಕಿಕೊಂಡು ಫೋನಿನ ಮುಂದೆ ಕೂತು ‘ಎಂಗದ್ಲಾ?’ ಎಂದ.

ಉಬ್ಬು ಇಳಿದ ಮೇಲೆ ನನಗೆ ಹೆದರಿಕೆ ಹತ್ತಿತು. ಅಪ್ಪ ಹಡಗಿಗೆ ಬಂದರೆ ಮೇಲಿನ ಅಂತಸ್ತಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂರುತ್ತಾನೆ. ಅಲ್ಲಿಗೆ ನಾನು ಹೋಗುವಂತಿಲ್ಲ. ಮಗ ಎಲ್ಲಿ ಎಂದು ಕೇಳಿಯೇ ಕೇಳುತ್ತಾನೆ. ಯಾರೋ ಕೆಳಗಿನ ಅಡುಗೆಮನೆ ತೋರಿಸುತ್ತಾರೆ. ಮುಂದಿನ ಸಲ ಬಾ ಅಪ್ಪ, ಈ ಸಲ ವೀಸಾ ತಡ ಎಂದೆ. ಆಮೇಲೆ ಹಡಗು ಬೇರೆ ಕಡೆ ಹೋಗುತ್ತದಂತೆ ಎಂದೆ. ಆಮೇಲೆ ಚಳಿ ನಿನಗೆ ಆಗುವುದಿಲ್ಲ ಎಂದೆ. ಪ್ರತಿ ಸಲವೂ ಅವನು ‘ಆಯ್ತು ಬುಡು, ಮುಂದ್ಲೊರ್ಸ ಓಗನ’ ಎನ್ನುತ್ತಿದ್ದ. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾಲ್ಕನೆಯ ವರ್ಷ ಇರಬೇಕು, ಒಂದು ದಿನ ಫೋನ್ ತಿರುಗಿಸಿ ಜಲಪಾತ ತೋರಿಸುತ್ತಿದ್ದೆ. ಅಪ್ಪ ಇದ್ದಕ್ಕಿದ್ದಂತೆ ‘ಕೈ ತೋರ್ಸ್ಲಾ’ ಎಂದ. ಯಾಕೆ ಎಂದೆ. ‘ತೋರ್ಸು ಅಂದಿ.’ ತೋರಿಸಿದೆ. ಬೆರಳ ತುದಿ ಬಿಳಿಚಿ, ಸಂದಿ ಸಂದಿ ಬಿರಿದ ಕೈ. ಅಪ್ಪ ಬಹಳ ಹೊತ್ತು ನೋಡಿದ. ಫೋನ್ ಕೈಕೊಟ್ಟಿತೇನೋ ಎಂದು ನಾನು ‘ಅಪ್ಪ, ಅಪ್ಪ’ ಎಂದು ಕೂಗಿದೆ.

‘ಮನಿಕೊಳಕ್ ಮುಂಚ ಕೊಬ್ರಿ ಎಣ್ಣ ಅಚ್ಕೊ ಕಣ್ಲಾ’ ಎಂದ. ಮತ್ತೆ ಬೆಟ್ಟದ ಮಾತಿಗೆ ಬಂದ. ಚಳಿಗೆ ಬಿರಿದಿದೆ ಎಂದುಕೊಂಡಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

ಅದಾಗಿ ಸುಮಾರು ಒಂದು ವರ್ಷಕ್ಕೆ, ಅದೇ ಮೆಟ್ಟಿಲ ಮೇಲೆ ಫೋನ್ ತೆರೆದಾಗ ಅಣ್ಣನ ಸಂದೇಶಗಳು ಒಂದರ ಹಿಂದೆ ಒಂದು ಬಿದ್ದವು. ಅಪ್ಪ ಹಿಂದಿನ ದಿನ ಬೆಳಗ್ಗೆ ಎದೆ ಹಿಡಿದುಕೊಂಡು ಕೂತವನು ಮೇಲೆ ಏಳಲಿಲ್ಲ. ನಾನು ಫೋನ್ ಮಾಡುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

‘ಎಲ್ಲಿಗಂತ ಮಾಡ್ಲಾ ಫೋನ? ಒಂದ್ ನಂಬರ್ರೂ ಕೊಟ್ಟಿಲ್ವಲ್ಲಲಾ ನೀನು’ ಎಂದು ಅಣ್ಣ ಅತ್ತ.

ತುರ್ತಿಗೆಂದು ಹಡಗಿನವರು ಒಂದು ನಂಬರ್ ಕೊಟ್ಟಿದ್ದರು. ಅದನ್ನು ನಾನು ಮನೆಗೆ ಕೊಟ್ಟಿರಲಿಲ್ಲ. ಫೋನ್ ಎತ್ತಿದವರು ಇಂಥ ಕೆಲಸದವನು ತಾನೇ ಎಂದು ಕೇಳಿಬಿಟ್ಟರೆ ಎಂಬ ಭಯ. ಅಪ್ಪನ ಮುಖವನ್ನು ಕೊನೆಯ ಸಲ ಫೋನಿನಲ್ಲಾದರೂ ನೋಡಬಹುದಿತ್ತು. ಅದನ್ನೂ ನಾನೇ ಕಳೆದುಕೊಂಡೆ.

ಪಾಳಿಗೆ ಇನ್ನೂ ಎರಡು ಗಂಟೆ ಇತ್ತು. ಬೆಟ್ಟ ತೋರಿಸು ಎನ್ನಲು ಯಾರೂ ಉಳಿದಿರಲಿಲ್ಲ. ಅವತ್ತು ಮೊದಲ ಸಲ ಮೆಟ್ಟಿಲಿಂದ ಎದ್ದು, ತಿರುಗಿ, ರೋಪ್‌ವೇಗೆ ಟಿಕೆಟ್ ಕೊಂಡೆ. ಆ ಡಬ್ಬಿಯಲ್ಲಿ ನಮ್ಮ ಹಡಗಿನ ಪ್ರಯಾಣಿಕರೇ ಆದ ಗಂಡ ಹೆಂಡತಿ ಇದ್ದರು. ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿ, ಎತ್ತರಕ್ಕೆ ಹೆದರಿದ್ದಾನೆ ಎಂದುಕೊಂಡು ಆಕೆ ಪೆಪ್ಪರ್‌ಮಿಂಟ್ ಕೊಟ್ಟಳು. ಕೆಳಗೆ ನೀರು ಹಸಿರಾಗಿತ್ತು, ಹಡಗು ಆಟಿಕೆಯಷ್ಟಾಯಿತು. ಸುತ್ತ ಬೆಟ್ಟದ ಮೇಲೆ ಬೆಟ್ಟ, ಜುಲೈ ತಿಂಗಳಲ್ಲೂ ಹಿಮ. ಸುಳ್ಳೇಕೆ ಹೇಳಲಿ, ಅಷ್ಟು ಚೆಂದದ ಜಾಗವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅದು ಅಷ್ಟು ಚೆಂದ ಇದ್ದದ್ದಕ್ಕೇ ಅದರ ಮೇಲೆ ಸಿಟ್ಟು ಬಂತು.

ಬೆಟ್ಟದ ತುದಿಯಲ್ಲಿ ಇದ್ದದ್ದು ಒಂದು ಹೋಟೆಲು. ಗಾಜಿನ ಗೋಡೆಯ ಹಿಂದೆ ಜನ ಕೇಕು ತಿನ್ನುತ್ತಿದ್ದರು. ಹಿಂಬಾಗಿಲ ಕಡೆ ಹೋದರೆ, ಏಪ್ರನ್ ಕಟ್ಟಿಕೊಂಡವನೊಬ್ಬ ನಿಂತು ಸಿಗರೇಟು ಸೇದುತ್ತಿದ್ದ. ಅವನ ಹಿಂದೆ ತೊಳೆಯುವುದಕ್ಕೆ ಕಾದ ತಟ್ಟೆಗಳ ರಾಶಿ. ನಾವಿಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡೆವು. ಅಪ್ಪ ಇಷ್ಟು ವರ್ಷ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅದು.

ನಾನು ಊರು ಮುಟ್ಟಿದ್ದು ತಿಥಿಯ ಹಿಂದಿನ ದಿನ. ಗುಂಡ್ಲುಪೇಟೆಗೆ ಬರುವ ರಸ್ತೆಯ ಪಕ್ಕ ಸೂರ್ಯಕಾಂತಿ ಹೊಲಗಳಲ್ಲಿ ಕೇರಳದ ಕಾರುಗಳಲ್ಲಿ ಬಂದವರು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಸ್ಸಿನಿಂದಲೇ ಅವರಿಗೆ ಶಾಪ ಹಾಕಿದೆ. ಇಳಿದು ತಲೆ ಎತ್ತಿದರೆ ಸರ್ಕಲ್ಲಿನಲ್ಲಿ ಅಪ್ಪನ ಫ್ಲೆಕ್ಸ್. ಆಳೆತ್ತರದ ಅಪ್ಪ, ಸ್ವೆಟರ್ ತೊಟ್ಟು ಕೈಮುಗಿದು ನಿಂತಿದ್ದಾನೆ. ಹಿಂದೆ ಫಿಯೋರ್ಡ್, ಜಲಪಾತ, ಹಸಿರು ನೀರು. ನಾನು ಕಳಿಸಿದ್ದ ಫೋಟೋದಿಂದ ನನ್ನನ್ನು ಅಳಿಸಿ ಅಣ್ಣ ಆ ಜಾಗದಲ್ಲಿ ಅಪ್ಪನನ್ನು ನಿಲ್ಲಿಸಿದ್ದ. ‘ಆಸ ಪಟ್ಟಿದ್ದ ಕಣ್ಲಾ, ಇಂಗಾದ್ರೂ ಓಗ್ಲಿ ಅಂತ’ ಎಂದ. ಅವನ ಕೈಲಾದದ್ದನ್ನು ಅವನು ಮಾಡಿದ್ದ.

ಅದನ್ನು ನೋಡಿದ ಜನ ಅಪ್ಪ ಹೋಗಿಬಂದಿದ್ದ ಎಂದೇ ತಿಳಿದರು. ತಿಥಿಗೆ ಬಂದ ಕುದೇರಿನ ಹಿರಿಯರೊಬ್ಬರು ನನ್ನ ಭುಜ ತಟ್ಟಿ, ‘ಎತ್ತಪ್ಪನ್ಗ ಪರದೇಸ ತೋರ್ಸ್ದ ಮಗ ಕಣ್ಲಾ ನೀನು, ಪುಣ್ಯವಂತ’ ಎಂದರು. ನಾನು ಹೂಂ ಎಂದೆ. ಹೌದು, ಹೂಂ ಎಂದೆ.

ಜನವೆಲ್ಲ ಹೋದ ಮೇಲೆ ಅವ್ವ ನನಗೆ ಬಡಿಸಿ ಎದುರಿಗೆ ಕೂತಳು. ಸತ್ತವನನ್ನು ಬೈಯುತ್ತ ಅಳುವುದು ಅವಳ ರೀತಿ. ‘ಕಡೇ ಕಾಲ್ದಲ್ಲಿ ನಿಮ್ಮಪ್ಪನ್ಗ ಅದೇನ್ ಬುದ್ದಿ ಬಂತೋ. ಒಂದೊರ್ಸದಿಂದ ಉಂಡ್ ತಟ್ಟಯ ತಾನೇ ತೊಳೀತಿದ್ದ ಕಣಪ್ಪ. ನಾ ಕಿತ್ಕೊಂಡ್ರೂ ಬುಡ್ತಿರ್ನಿಲ್ಲ. ಜನ ನೋಡುದ್ರ ನಗ್ತರ ಅಂದ್ರ, ಯಾರೋ ಒಬ್ರು ತೊಳೀಬೇಕಲ್ಲಮ್ಮಿ ಅಂತಿದ್ದ.’

ನಾನು ನನ್ನ ಕೈ ನೋಡಿಕೊಂಡೆ. ಮೂವತ್ತು ವರ್ಷ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡವನು ನನ್ನ ಕೈಯನ್ನು ಚಳಿಗೆ ಬಿರಿದ ಕೈ ಎಂದುಕೊಳ್ಳುತ್ತಾನೆಯೇ? ಅಪ್ಪನಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ವರ್ಷವಿಡೀ ‘ಮುಂದ್ಲೊರ್ಸ ಓಗನ’ ಎನ್ನುತ್ತಲೇ, ನಾನು ಬಾಯಿ ಬಿಡುವುದನ್ನು ಕಾದ. ಹಡಗಿಗೆ ಬಂದಿದ್ದರೆ ನನ್ನ ಪಕ್ಕ ನಿಂತು ತನ್ನ ತಟ್ಟೆ ತಾನೇ ತೊಳೆಯುತ್ತಿದ್ದನೋ ಏನೋ.

ಉಂಡು, ತಟ್ಟೆ ಹಿಡಿದು ಎದ್ದೆ. ಅವ್ವ ಕಿತ್ತುಕೊಂಡಳು. ‘ಮಡಗ್ಲಾ ಅಲ್ಲಿ! ನಿಂಗೂ ಅವ್ನ ಚಾಳಿ ಅಂಟ್ತಾ? ಅಡಗ್ನಲ್ಲಿ ಅಷ್ಟ್ ದೊಡ್ ಕೆಲ್ಸ್ದಲ್ಲಿರೋನು ಮುಸುರ ತೊಳ್ದಾನಾ?’

ನಾನು ತಟ್ಟೆ ಬಿಟ್ಟುಕೊಟ್ಟೆ. ಆಮೇಲೆ ಹಡಗು ಬಿಟ್ಟೆ; ಈಗ ಬದನಗುಪ್ಪೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದೇನೆ. ಅವ್ವನಿಗೆ ಇವತ್ತಿಗೂ ಏನೂ ಹೇಳಿಲ್ಲ. ಅಣ್ಣ ಇದನ್ನು ಓದಿದರೆ ಓದಲಿ. ಅವ್ವನಿಗೆ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೇ ಬರೆದಿದ್ದೇನೆ.