ಮೂಗು ಕಟ್ಟಿದ ದೂಜಣ್ಣ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಹವಾಮಾನ ವರದಿಯನ್ನು ಯಾರೂ ನಂಬುವುದಿಲ್ಲ. ಪಕ್ಕದ ಮನೆಯ ದೂಜಣ್ಣ ಬೆಳಿಗ್ಗೆ ಸಾಲಾಗಿ ಸೀನಿದರೆ ಸಾಕು, ಹೆಂಗಸರು ಒಣಹಾಕಿದ ಬಟ್ಟೆಗಳನ್ನು ಒಳಗೆ ತರುತ್ತಾರೆ. ಸೈನಸ್ಸಿನ ಭಯಕ್ಕೆ ಅವರು ಮೇ ತಿಂಗಳಲ್ಲೂ ಕಿವಿಗೆ ಮಫ್ಲರ್ ಸುತ್ತುತ್ತಾರೆ, ಲೋಕಲ್‌ನಲ್ಲಿ ಸಿಕ್ಕಿದ ಕಿಟಕಿಯ ಸೀಟನ್ನು ದಾನ ಮಾಡುತ್ತಾರೆ, ತಾವು ಕ್ಯಾಶಿಯರ್ ಆಗಿ ಗಲ್ಲೆಯಲ್ಲಿ ಕೂರುವ ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಫ್ಯಾನ್ ಹಾಕಿಸಿದ ಗಿರಾಕಿಯನ್ನು ವೈರಿಯಂತೆ ನೋಡುತ್ತಾರೆ. "ಎಲ್ಲ ಈ ಮುಂಬಯಿ ಹವೆಯಿಂದ ಮಾರಾಯ್ರೆ! ಊರಲ್ಲಿ ನನಗೆ ಮೂಗು ಉಂಟು ಅಂತಲೇ ಗೊತ್ತಿರಲಿಲ್ಲ." ರಜೆಯಲ್ಲಿ ಉಡುಪಿಗೆ ಹೋದಾಗಲೂ ಕಟ್ಟಿತ್ತಲ್ಲ ಎಂದರೆ, "ಇಲ್ಲಿಂದ ಹೋದ ಮೂಗಲ್ವಾ? ಬಿಡ್ಲಿಕ್ಕೆ ಟೈಮ್ ಬೇಡ್ವಾ?" ಎನ್ನುತ್ತಾರೆ. ವಾಸನೆಯೇ ತಿಳಿಯದೆ ವರ್ಷಗಳಾದವು. ಅದೊಂದನ್ನು ಮಾತ್ರ ಹೆಂಡತಿ ವಾರಿಜಕ್ಕನಿಗೆ ಹೇಳಿಲ್ಲ. ವಾರಿಜಕ್ಕ ಸಂಜೆ ಮಲ್ಲಿಗೆ ಮುಡಿದಾಗಲೆಲ್ಲ ದೂಜಣ್ಣ ಹತ್ತಿರ ಬಂದು, ಕಣ್ಣು ಮುಚ್ಚಿ, "ಎಂಥಾ ಪರಿಮಳ!" ಎನ್ನುತ್ತಾರೆ. ಮೊನ್ನೆ ನಾನು ಅವರ ಮನೆಗೆ ಹೋಗಿದ್ದಾಗ, ಮಲ್ಲಿಗೆ ಸಿಗದೆ ವಾರಿಜಕ್ಕ ಪರಿಮಳವೇ ಇಲ್ಲದ ಕನಕಾಂಬರ ಮುಡಿದಿದ್ದರು. ದೂಜಣ್ಣ ಎಂದಿನಂತೆ ಬಂದು, ಕಣ್ಣು ಮುಚ್ಚಿ, "ಎಂಥಾ ಪರಿಮಳ!" ಎಂದರು. ನನಗೆ ನಗು ಬಂತು. ವಾರಿಜಕ್ಕ ನನ್ನನ್ನು ಕಣ್ಣಲ್ಲೇ ಗದರಿಸಿ, ಗಂಡನ ಕಡೆ ತಿರುಗಿ, "ಹೌದಲ್ವಾ? ಇವತ್ತು ಸ್ವಲ್ಪ ಜಾಸ್ತಿಯೇ ಉಂಟು" ಎಂದರು.